ಗುರುತು ಸಿಗಲಿಲ್ಲ

ವಾರಕ್ಕೆ ಎರಡು ಸಲ ಅದರ ಹೊಟ್ಟೆ ತೆರೆಯುತ್ತೇನೆ,
ಸ್ಕುವೊದಾಸಿನ ದಿನಸಿ ಅಂಗಡಿಯ ಗೋಡೆಗೆ
ಒರಗಿ ನಿಂತ, ಬಾಟಲಿ ನುಂಗುವ ಯಂತ್ರದ್ದು.
ಒಳಗೆ ಬಿಯರಿನ ಅಂಟು, ಸತ್ತ ಕಣಜಗಳು.
ಬಿಸಿನೀರು, ಬ್ರಷ್ಷು, ಮೊಣಕೈವರೆಗೆ ನಾನು.
ಈ ಊರು ಏನು ಕುಡಿಯಿತೆಂದು
ಪಾದ್ರಿಗಿಂತ ಮೊದಲು ನನಗೆ ಗೊತ್ತು.
ಈಸ್ಟರ್ ಕಳೆದ ಮಂಗಳವಾರ
ಚೀಲ ಎತ್ತಲು ಇಬ್ಬರು ಬೇಕು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?
ನೀರು ಮುಗಿದ ಮೇಲೆ ಎಲ್ಲರೂ ಇಲ್ಲಿಗೇ.
ಮೀನು ಹಿಡಿಯುವ ಹುಡುಗರು
ಕೆಸರು ಸಮೇತ ತುರುಕಿ ಓಡುತ್ತಾರೆ.
ಚೀಸ್ ಕಾರ್ಖಾನೆಯ ಜೆನೊನಾ ಮಾತ್ರ
ಒಂದೊಂದನ್ನೂ ಒರೆಸಿ, ಮಲಗಿಸಿ,
ಒಲೆಗೆ ರೊಟ್ಟಿ ತಳ್ಳುವಂತೆ ತಳ್ಳುತ್ತಾಳೆ.
ಯಂತ್ರ ತಿರುಗಿಸಿ ನೋಡುತ್ತದೆ,
ಹತ್ತು ಸೆಂಟು ಎನ್ನುತ್ತದೆ, ಅಗಿಯುತ್ತದೆ.

ಕೆಲವನ್ನು ಉಗುಳುತ್ತದೆ.
ಗುರುತು ಸಿಗಲಿಲ್ಲ.
ಜಜ್ಜಿದ್ದಲ್ಲ, ತೂತಾದದ್ದಲ್ಲ,
ಲೇಬಲ್ಲು ಹರಿದದ್ದೂ ಅಲ್ಲ.
ಸೈಕಲ್ಲಿನಲ್ಲಿ ಹೋಗಿಬರುವಷ್ಟು ಆಚೆ,
ಲಾತ್ವಿಯಾದಲ್ಲಿ ಕೊಂಡದ್ದು, ಅಷ್ಟೇ.
ಅದೇ ಪ್ಲಾಸ್ಟಿಕ್ಕು, ಅದೇ ನೀಲಿ ಮುಚ್ಚಳ,
ಅಲ್ಲೂ ಬೆಲೆ ಅದೇ ಹತ್ತು ಸೆಂಟು.

ಅಪ್ಪ ಆ ಗಡಿಯಲ್ಲಿ ಕಾವಲಿಗಿದ್ದ.
ಡಿಕ್ಕಿ ತೆಗೆಸಿ ಬೆಣ್ಣೆ, ಸಿಗರೇಟು, ಟೈರು ಎಣಿಸಿ
ಹೋಗು ಎನ್ನುವನು, ಇಲ್ಲವೇ ತಿರುಗು ಎನ್ನುವನು.
ಈಗ ಗೇಟಿಲ್ಲ.
ಅವನು ಕೂರುತ್ತಿದ್ದ ಗೂಡಿನಲ್ಲಿ
ಯಾರೋ ಜೇನುಪೆಟ್ಟಿಗೆ ಇಟ್ಟಿದ್ದಾರೆ.
ಕಾರುಗಳು ವೇಗ ತಗ್ಗಿಸುವುದೂ ಇಲ್ಲ.
ಅಪ್ಪನ ಕೆಲಸ ಸತ್ತಿತು ಅಂದುಕೊಂಡಿದ್ದೆ.
ಇಲ್ಲ, ಈ ಡಬ್ಬಕ್ಕೆ ಸಿಕ್ಕಿದೆ:
ಕೆಂಪು ದೀಪ, ಅದೇ ಬೇಸತ್ತ ಸದ್ದು,
ಕಾರಣ ಹೇಳದ ಅದೇ ಸಭ್ಯತೆ.

ಜೆನೊನಾಳ ಗಂಡನಿಗೆ ಲಿಯೆಪಾಯಾ ಬಂದರಿನಲ್ಲಿ ಕೆಲಸ.
ಶುಕ್ರವಾರ ರಾತ್ರಿ ಬರುತ್ತಾನೆ,
ಸೀಟಿನಡಿ ಒಂದು ವಾರದ ಬಾಯಾರಿಕೆ
ಗಡಗಡ ಉರುಳಾಡುತ್ತ.
ಶನಿವಾರ ಅವಳು ಒಂದೂ ಬಿಡದೆ ತರುತ್ತಾಳೆ.
ಒಂದೂ ಬಿಡದೆ ವಾಪಸು.
“ಮನುಷ್ಯ ದಾಟಿದ, ಬಾಟಲಿ ದಾಟಲಿಲ್ಲ”
ಎಂದಳು ಒಮ್ಮೆ, ನಗಲಿಲ್ಲ.
ಕಸದ ತೊಟ್ಟಿಗೆ ಹಾಕಲೂ ಮನಸ್ಸು ಬಾರದೆ
ಅದರ ಪಕ್ಕ ಸಾಲಾಗಿ ನಿಲ್ಲಿಸಿ ಹೋದಳು,
ಬಸ್ಸಿಗೆ ಕಾದವರ ಹಾಗೆ.

ನನ್ನ ವ್ಯಾನಿನಲ್ಲಿ ಜಾಗವಿತ್ತು.

ಈಗ ತಿಂಗಳ ಕೊನೆಯ ಗುರುವಾರ
ನಾನು ಕಳ್ಳಸಾಗಣೆಯವನು.
ಮಾಲು ಏನೆಂದರೆ, ಖಾಲಿ.
ಜೇನುಪೆಟ್ಟಿಗೆ ದಾಟುವಾಗ ಮಾತ್ರ
ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ.
ಆಚೆಯ ಯಂತ್ರ ಒಂದೊಂದನ್ನೂ ತಿರುಗಿಸಿ,
ಎಲ್ಲಿ ಹೋಗಿದ್ದೆಯೋ ಎಂಬಂತೆ ಒಳಗೆಳೆದುಕೊಳ್ಳುತ್ತದೆ.
ಚೀಟಿ: ನಾಲ್ಕು ಯೂರೋ ಮೂವತ್ತು ಸೆಂಟು.
ಆ ಚೀಟಿ ನಡೆಯುವುದು ಆ ಅಂಗಡಿಯಲ್ಲೇ,
ಹಾಗಾಗಿ ಒಂದು ಕಪ್ಪು ರೊಟ್ಟಿ, ಎರಡು ಹೊಗೆಮೀನು.

ಗಲ್ಲಾದಲ್ಲಿ ಇಂಗುನಾ. ನನ್ನ ಮಾತು ಅವಳಿಗೆ ಬಾರದು,
ಅವಳದು ನನಗೆ ಅರ್ಧ.
ಮೊನ್ನೆ ಮೇಜಿನಡಿಯಿಂದ ಮೂಟೆಯೊಂದನ್ನು
ಕಾಲಲ್ಲಿ ನನ್ನತ್ತ ತಳ್ಳಿದಳು.
ಬಿಚ್ಚಿದೆ. ನಮ್ಮ ಕಡೆಯ ನೀರು, ನಮ್ಮ ಬಿಯರು,
ಅವಳ ಯಂತ್ರ ಉಗುಳಿದವು.
ಹೋಗುವಾಗ ಖಾಲಿ ತುಂಬಿದ ಗಾಡಿ,
ಬರುವಾಗಲೂ ಖಾಲಿ ತುಂಬಿದ ಗಾಡಿ.

ಶನಿವಾರ ರೊಟ್ಟಿಯನ್ನು ಜೆನೊನಾಳ ಕೈಗಿಟ್ಟೆ.
“ನಿಮ್ಮ ಬಾಟಲಿಗಳದ್ದು” ಎಂದೆ.
ಯಂತ್ರದ ಮುಂದೆ, ಹಿಂದೆ ಸರದಿ ಕಾಯುತ್ತಿದ್ದರೂ,
ಅಂಚಿನ ಚೂರು ಮುರಿದು ಮೂಸಿದಳು.
“ಅವನು ವಾರವೆಲ್ಲ ತಿನ್ನುವುದು ಇದನ್ನೇನಾ?”
ಬಾಯಿಗಿಟ್ಟುಕೊಂಡು
ಮೆಲ್ಲಗೆ, ಕಣ್ಣು ಬೇರೆಲ್ಲೋ ಇಟ್ಟು,
ಅಗಿಯುತ್ತ ನಿಂತಳು,
ಗುರುತು ಸಿಗುವವರೆಗೆ.