ಹನ್ನೊಂದು ಸೆಕೆಂಡು

ಡಬ್ಬಿಯಲ್ಲಿ ಸಿಕ್ಕಿದ್ದು ಇಷ್ಟೇ: ಹನ್ನೊಂದು ಸೆಕೆಂಡಿನ ರೀಲು,
ವಿನೆಗರ್ ವಾಸನೆ, ಅಂಚಿಗೆ ತುಕ್ಕು.
ಮೂವತ್ತೊಂದನೇ ಇಸವಿ, ಓಹಾಯೋ, ನವೆಂಬರಿನ ಕೆಸರು.
ತೊಗಲು ಟೊಪ್ಪಿಗೆಯ ಗಂಡಸರು ಓಡಿ ಬಂದು
ಒಬ್ಬನ ಮೇಲೊಬ್ಬ ಬಿದ್ದು
ರಾಶಿಯಾಗುತ್ತಾರೆ. ಮುಗಿಯಿತು.

ಲುಡ್ಮಿಲಾ ಹುದಾಕ್ ಬಂದಳು. ಕೋಟು ಬಿಚ್ಚಲಿಲ್ಲ,
ಪರ್ಸು ತೊಡೆಯ ಮೇಲೇ.
"ಇದರಲ್ಲಿ ನಿಮ್ಮ ಯಜಮಾನರು ಯಾರು?"
"ಎಲ್ಲರ ಅಡಿಗಿದ್ದಾನಲ್ಲ, ಅವನು.
ವಾರವೆಲ್ಲ ಉಕ್ಕಿನ ಕುಲುಮೆ, ಭಾನುವಾರ ಇದು.
ಆಟಕ್ಕೆ ಹದಿನೈದು ಡಾಲರ್. ಕೊಟ್ಟರೆ ಉಂಟು."

ಇನ್ನೊಮ್ಮೆ ತೋರಿಸೋಣವೆಂದು
ಹಿಂದಕ್ಕೆ ಸುತ್ತಿದೆ, ದೀಪ ಆರಿಸದೆ.
ರಾಶಿ ಸಡಿಲವಾಯಿತು. ಒಬ್ಬೊಬ್ಬರೇ ಮೇಲಕ್ಕೆ ಚಿಮ್ಮಿ
ಬೆನ್ನು ಮುಂದಾಗಿ ಓಡಿದರು.
ಕೆಸರು ಅಂಗಿ ಬಿಟ್ಟು ನೆಲಕ್ಕಿಳಿಯಿತು.
ಕೊನೆಗೆ ಅವನು. ಎದ್ದ. ಮೂಗಿನ್ನೂ ನೆಟ್ಟಗೆ.
ಚೆಂಡನ್ನು ಕೊಟ್ಟವನಿಗೇ ವಾಪಸು ಕೊಟ್ಟ.

"ಅಲ್ಲೇ ನಿಲ್ಲಿಸಪ್ಪ" ಅಂದಳು.

ಬಲ್ಬಿನ ಬಿಸಿಗೆ ಫಿಲ್ಮು ಸುಡುತ್ತದೆ,
ನಿಲ್ಲಿಸಬಾರದು.
ನಿಲ್ಲಿಸಿದೆ.

ಟೀವಿಯಲ್ಲಿ ಎಲ್ಲ ಮುಂದಕ್ಕೇ ಓಡಿತು,
ಕಹಳೆ, ಡೋಲು, ಯಾರದೋ ಗಡಸು ದನಿಯ ಚರಿತ್ರೆ.
ನಡುವೆ, ಅವನ ಭುಜದ ಹತ್ತಿರ,
ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಷ್ಟು
ಒಂದು ಕಂದು ಚುಕ್ಕೆ.
ಮಳೆಯ ಕಲೆ ಎಂದುಕೊಂಡಿದ್ದಾರೆ.