ನಡುವಿನ ತುಂಡು

ಕಾದಂಬರಿ ಚೆನ್ನಾಗಿದೆಯೋ ಇಲ್ಲವೋ ಆಮೇಲಿನ ಮಾತು.
ಮೊದಲು ತೂಕ ಹೇಳು.
ಎಡಗೈಗೆ ಎರಡು ಸೂಜಿ, ನಾಲ್ಕು ಗಂಟೆ ಅಲ್ಲಾಡಿಸುವಂತಿಲ್ಲ.
ಉಳಿದ ಒಂದು ಕೈಯಲ್ಲಿ ಹಿಡಿದು
ಹೆಬ್ಬೆರಳಲ್ಲೇ ಪುಟ ಮಗುಚಲು ಬರಬೇಕು.
ಕುತಾಯಿಸಿಯ ಈ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ
ವಿಮರ್ಶೆ ಶುರುವಾಗುವುದು ಹೀಗೆ.

ಮಂಗಳವಾರ, ಗುರುವಾರ, ಶನಿವಾರ.
ಸಾಲಿಗೆ ನಾಲ್ಕು ಕುರ್ಚಿ.
ರಕ್ತ ಹೊರಗೆ ಹೋಗಿ ತಿರುಗಾಡಿ ಬರುತ್ತದೆ,
ನಾವು ಅಲ್ಲೇ ಇರುತ್ತೇವೆ.

ಲಾಮಾರಾ ಕೊಡುವುದು ಬರೀ ಪ್ರೇಮಕಥೆ.
"ಅತ್ತರೆ ಅಳು. ಹೇಗೂ ನಮ್ಮ ಮೈಯಲ್ಲಿ
ನೀರು ಇಳಿಯಬೇಕು ತಾನೆ?" ಅನ್ನುತ್ತಾಳೆ.

ಓತಾರ್, ಲೆಕ್ಕದ ಮೇಷ್ಟ್ರು,
ಕೊಲೆ ಬಿಟ್ಟು ಬೇರೇನೂ ಮುಟ್ಟುವವರಲ್ಲ.
ಕೊಂದವನ ಹೆಸರು ಪ್ರಾಣ ಹೋದರೂ ಬಾಯಿಬಿಡರು;
ಪುಸ್ತಕ ಕೈಗಿಡುವಾಗ ಮಾತ್ರ
"ತೋಟದವನ ಬೂಟು ಗಮನಿಸು" ಅಂದುಬಿಡುತ್ತಾರೆ.
ಮುಗಿಯಿತಲ್ಲ.

ರೇಜೋ ಇಪ್ಪತ್ತಾರರ ಹುಡುಗ.
ಅವನ ಕಥೆಗಳಲ್ಲಿ ಯಾರಿಗೂ ನೆಲವಿಲ್ಲ,
ಎರಡು ಸೂರ್ಯ, ಮೂರು ಚಂದ್ರ, ಹಸಿರು ಮಂಜು.
"ಒಂದೇ ಒಂದು ಓದಿ, ಸಿಯಾಲಾ ಚಿಕ್ಕಮ್ಮ" ಎಂದು ಗೋಗರೆದ.
ಓದಿದೆ. ಅಲ್ಲಿ ಒಂದು ಯಂತ್ರ
ತನ್ನನ್ನು ಮಾಡಿದವಳ ಹೆಸರು ಮರೆತು ಹುಡುಕುತ್ತದೆ.
ಪಕ್ಕದಲ್ಲಿ ಗುಂಯ್‌ಗುಡುವ ನನ್ನದನ್ನು
ಆವತ್ತಿನಿಂದ ಬೈಯುವುದು ಬಿಟ್ಟೆ.

ನಾನೋ, ಇಪ್ಪತ್ತೆರಡು ವರ್ಷ ಟ್ರಾಲಿಬಸ್ ಓಡಿಸಿದವಳು.
ನನಗೆ ಯಾವುದಾದರೂ ಸರಿ,
ಪ್ರಾಣಿ ಮಾತ್ರ ಸಾಯಬಾರದು.
ಮನುಷ್ಯರು ಸಾಯಲಿ, ಅವರಿಗೆ ಗೊತ್ತಿರುತ್ತದೆ.

ನಾನು ತಂದದ್ದು ಒಂಬೈನೂರು ಪುಟದ ಹಳೆಯ ಕಾಲದ ಕಥೆ:
ಉಪ್ಪು ಹೇರಿಕೊಂಡು ಬೆಟ್ಟ ದಾಟುವ ಗಾಡಿಗಳ ಸಾಲು.
ಉಪ್ಪು ನಾಲಿಗೆಗೆ ಬೇಡವೆಂದಿದ್ದಾರೆ ಡಾಕ್ಟರು,
ಕಣ್ಣಿಗೆ ಬೇಡ ಅನ್ನಲಿಲ್ಲ.
ಎತ್ತಲು ಆಗದು ಎಂದು
ಓತಾರ್ ಮನೆಯಿಂದ ರೊಟ್ಟಿ ಕೊಯ್ಯುವ ಚಾಕು ತಂದು
ಸರಿಯಾಗಿ ಮೂರು ತುಂಡು ಮಾಡಿದರು, ಮುನ್ನೂರು, ಮುನ್ನೂರು, ಮುನ್ನೂರು.
ಒಂದು ವಾಕ್ಯ ಅರ್ಧಕ್ಕೆ ಕಡಿದುಹೋಯಿತು.
ಲೆಕ್ಕ ತಪ್ಪಲಿಲ್ಲ.

ಮೊದಲ ತುಂಡು ಮುಗಿಸಿ ನಾನು ಕಾಯುತ್ತಿದ್ದೆ.
ನಡುವಿನದು ರೇಜೋನ ಕೋಟಿನ ಜೇಬಿನಲ್ಲಿತ್ತು
ಅಕ್ಕನ ಮೂತ್ರಪಿಂಡ ಅವನಿಗೆ ಹೊಂದುತ್ತದೆಂದು
ತ್ಬಿಲಿಸಿಯಿಂದ ಫೋನು ಬಂದ ದಿನ.
ಓಡಿಹೋದ. ನಾವೆಲ್ಲ ಒಂದೊಂದು ಕೈಯಿಂದ
ತೊಡೆ ತಟ್ಟಿ ಚಪ್ಪಾಳೆ ಹೊಡೆದೆವು.
ಪುಸ್ತಕದ ನೆನಪಾದದ್ದು ಗುರುವಾರ.

ಹಾಗಾದರೆ ನಡುವೆ ಆದದ್ದೇನು?
ಲಾಮಾರಾ, ಗಾಡಿಯವನಿಗೂ ಸುಂಕದವನ ವಿಧವೆಗೂ
ಗುಟ್ಟಾಗಿ ಮದುವೆ ಮಾಡಿಸಿದಳು.
ಓತಾರ್, ಉಪ್ಪಿನ ಮೂಟೆಯಲ್ಲಿ ಹೆಣ ಇಟ್ಟರು.
ನರ್ಸ್ ಮಾಕ್ವಾಲಾ ಏನೂ ಓದಿದವಳಲ್ಲ,
ಒತ್ತಡ ಬರೆದುಕೊಳ್ಳುತ್ತಾ ತಲೆ ಎತ್ತದೆ,
"ಇಷ್ಟು ದಾರಿ ನಡೆದ ಮೇಲೆ ಯಾರಾದರೊಬ್ಬರು
ಕಾಲುನೋವು ಅನ್ನಬೇಕಲ್ಲ?" ಅಂದಳು.
ಅದನ್ನೂ ಸೇರಿಸಿದೆವು.

ಎರಡು ತಿಂಗಳ ಮೇಲೆ ಮಿನಿಬಸ್ಸಿನವನ ಕೈಯಲ್ಲಿ
ನಡುವಿನ ತುಂಡು ಬಂತು, ಸೂರ್ಯಕಾಂತಿ ಎಣ್ಣೆಯ ಕಲೆ ಸಹಿತ.
ಓದಿದರೆ ಬರೀ ಹಿಮ. ಇನ್ನೂರು ಪುಟ ಹಿಮ.
ವಿಧವೆಯೂ ಇಲ್ಲ, ಹೆಣವೂ ಇಲ್ಲ.
ನಮ್ಮದೇ ವಾಸಿ ಎಂದು ಒಪ್ಪಿಕೊಂಡೆವು.
ಆದರೆ ಪುಟ ಐನೂರ ಹನ್ನೊಂದರ ಅಂಚಿನಲ್ಲಿ
ಪೆನ್ಸಿಲಿನ ಓರೆ ಅಕ್ಷರ:
"ಚಿಕ್ಕಮ್ಮ, ಇಲ್ಲಿಂದ ಐದು ಪುಟ ಬಿಡಿ.
ಹಿಮ ಮುಗಿಯುತ್ತದೆ ಅಂತ ತಿಳಿದರೆ ಸಾಕು."

ಮೂರನೇ ತುಂಡಲ್ಲಿ ಆ ಬೂದು ಕುದುರೆಯ ಸುದ್ದಿಯೇ ಇಲ್ಲ.
ಓತಾರ್‌ಗೆ ಮೊದಲೇ ಗೊತ್ತಿತ್ತು. ತುಟಿ ಬಿಚ್ಚಿರಲಿಲ್ಲ ಪುಣ್ಯಾತ್ಮ.
ಐದು ಪುಟ ಬಿಟ್ಟೆ.

ಇವತ್ತು ರೇಜೋನ ಕುರ್ಚಿಗೆ ಹೊಸಬರು.
ಬಲಗೈಗೆ ಸೂಜಿ, ಬೂಟಿನ ಮೇಲೆ ಸುಣ್ಣದ ಧೂಳು,
ಮುಖ ಗೋಡೆಯ ಕಡೆ.
ಏನು ಓದುತ್ತೀರಿ ಅಂದರೆ, ಏನೂ ಇಲ್ಲ ಅಂದರು.
ಸ್ವಲ್ಪ ಹೊತ್ತು ಬಿಟ್ಟೆ. ಯಂತ್ರ ಒಂದು ಸುತ್ತು ಮುಗಿಸಲಿ.
ಆಮೇಲೆ ಕುರ್ಚಿಯಿಂದಲೇ ಕತ್ತು ಚಾಚಿ ಕೇಳಿದೆ:
"ಕಥೆಯಲ್ಲಿ ಕುದುರೆ ಸತ್ತರೆ
ನಿಮಗೆ ಪರವಾಗಿಲ್ಲವಾ?"