ಒತ್ತಿಗೆ ಬೇರೆ

ಅಕ್ಷರಕ್ಕೆ ನಲವತ್ತು, ಒತ್ತಿಗೆ ಹತ್ತು ಬೇರೆ
ಎಂದಿದ್ದೆ. ಚಹಾ ಆರುವಷ್ಟರಲ್ಲಿ
ಸಮಿತಿಯವರು ಚರಿತ್ರೆ ಹಿಂಡಿದರು:
ಮಾಲಿಕರ ಮೂರು ತಲೆಮಾರು ಹೋಯಿತು,
ನಿಂತುಹೋದ ವಾರಪತ್ರಿಕೆಯ ಹೆಸರು ಹೋಯಿತು,
'ಶ್ರೀ' ಮಾತ್ರ ಇರಲಿ ಎಂದರು.

ಕಾರ್ಕಳದ ಕರಿಕಲ್ಲು. ಗೋಣಿ ಸುತ್ತಿ
ಬಸ್ಸಿನ ಡಿಕ್ಕಿಯಲ್ಲಿ ಮೂಲ್ಕಿಗೆ ತಂದೆ.
ಮುರಕಲ್ಲ ಗೋಡೆ ಉಳಿ ತಾಗಿದಲ್ಲೆಲ್ಲ
ಕೆಂಪು ಪುಡಿ ಉದುರಿಸಿತು.
ಒಳಗೆ ಈಗ ಯಾರದೋ ಬಲೆ, ಮಂಜುಗಡ್ಡೆ ಪೆಟ್ಟಿಗೆ;
ಒಂದು ಮೂಲೆಯ ನೆಲದಲ್ಲಿ ಮಾತ್ರ
ತೊಳೆದರೂ ಹೋಗದ ಮಸಿ.

ಪರದೆ ಸರಿದಾಗ ಎಲ್ಲರೂ ಫೋಟೊದವನನ್ನು ನೋಡಿದರು,
ದೂಮಣ್ಣ ಸಾಲಿಯಾನರ ಹೊರತು.
ಇಲ್ಲೇ ಮೂವತ್ತೆಂಟು ವರ್ಷ ಮೊಳೆ ಜೋಡಿಸಿದವರು,
ಬಸ್ಸಿನ ಬೋರ್ಡನ್ನೂ ಬಲದಿಂದ ಎಡಕ್ಕೆ ಓದುವವರು.
ಕೊನೆಯ ಸಾಲಿಗೆ ಬೆರಳಿಟ್ಟು ನಿಂತರು.
'ಅಚುಕೂಟ.'
ನನ್ನ ಕಿವಿ ಬಿಸಿಯಾಯಿತು.

"ಇರಲಿ ಮಾರಾಯ, ಇದು ಫಸ್ಟ್ ಪ್ರೂಫು"
ಎಂದು ಎಲೆಯಡಿಕೆ ಡಬ್ಬಿಯ ತಳದಿಂದ
ಸೀಸದ ಚೂರೊಂದು ಹೆಕ್ಕಿ,
'ಚು'ವಿನ ನೇರ ಕೆಳಗೆ, ಕಲ್ಲಂಚಿನ ಹಸಿ ಗಾರೆಗೆ
ಹೆಬ್ಬೆರಳಿನಿಂದ ಒತ್ತಿದರು.
ಉಲ್ಟಾ ಇದ್ದದ್ದು ನೆಟ್ಟಗಾಯಿತು.
ಚೂರನ್ನು ಪಂಚೆಗೆ ಒರೆಸಿ
ಮತ್ತೆ ಡಬ್ಬಿಗೆ ಹಾಕಿಕೊಂಡರು.

ಬಿಲ್ಲಿನಲ್ಲಿ ಆ ಹತ್ತು ರೂಪಾಯಿ
ನಾನು ಹಿಡಿದಿಲ್ಲ.